360 ರೇಡಿಯೇಟರ್ ಕೇಸ್ ಒಳಗೆ ಕೂರುತ್ತಲೇ ಇಲ್ಲ, ತಲೆ ಕೆಟ್ಟಿದೆ

ಹುಬ್ಬಳ್ಳಿ_ಬಿಲ್ಡರ್:
ಕೇಸ್ ಬಾಕ್ಸ್ ಮೇಲೆ ದೊಡ್ಡದಾಗಿ "360 ಸಪೋರ್ಟ್" ಅಂತ ಇದೆ. ಸಿಪಿಯು ತಣ್ಣಗಿಡುವ ವಾಟರ್ ಕೂಲರ್ ಕೂಡ 360. ಆದರೂ ಮೇಲ್ಗಡೆ ಕೂರುತ್ತಿಲ್ಲ. ಒಂದು ಮೂಲೆಗೆ ಸ್ಕ್ರೂ ಹಾಕಿದರೆ ಇನ್ನೊಂದು ಮೂಲೆ ಎದ್ದು ನಿಲ್ಲುತ್ತದೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಎಲ್ಲರಿಗೂ ಕೂರುತ್ತೆ ಸರ್" ಅಂತಾರೆ. ಹಾಗಾದರೆ ನನಗೆ ಮಾತ್ರ ಯಾಕೆ ಇಲ್ಲ? ನಾಳೆ ಸಂಜೆಗೆ ಪಿಸಿ ರೆಡಿ ಆಗಲೇಬೇಕು. ಬೇಗ ಹೇಳಿ.

ಸಿಲಿಕಾನ್_ಸಿದ್ದ:
ರ‍್ಯಾಮ್. ನೂರಕ್ಕೆ ನೂರು ರ‍್ಯಾಮ್. ಆರ್‌ಜಿಬಿ (ಬಣ್ಣದ ಲೈಟ್) ಇರುವ ಸ್ಟಿಕ್ 40 ಮಿ.ಮೀ. ದಾಟುತ್ತದೆ, ಫ್ಯಾನ್ ಅದಕ್ಕೇ ತಾಗುತ್ತದೆ. ಗಿಡ್ಡ ರ‍್ಯಾಮ್ ತಗೊಳ್ಳಿ, ಮುಗಿಯಿತು.

ಹುಬ್ಬಳ್ಳಿ_ಬಿಲ್ಡರ್:
ರ‍್ಯಾಮ್ ಬಲಗಡೆ ಇದೆ. ತಾಗುತ್ತಿರುವುದು ಎಡಗಡೆ.

ಸಿಲಿಕಾನ್_ಸಿದ್ದ:
ಬಲಗಡೆ ರ‍್ಯಾಮ್ ಎತ್ತಿ ಹಿಡಿದಿರುತ್ತದೆ, ಅದಕ್ಕೇ ಎಡಗಡೆ ವಾಲಿ ತಾಗುತ್ತದೆ. ಟಾರ್ಚ್ ಹಾಕಿ ನೋಡಿ.

ಕಡಲ_ಕೂಲರ್:
ಮಾರಾಯ್ರೆ, ಕೇಸ್ ಯಾವುದು, ಕೂಲರ್ ಯಾವುದು, ಮದರ್‌ಬೋರ್ಡ್ ಯಾವುದು, ಒಂದೂ ಹೇಳಿಲ್ಲವಲ್ಲ! 360 ಅಂದರೆ ಮೂರು 120ರ ಫ್ಯಾನ್ ಅಷ್ಟೇ. ಎರಡು ತುದಿಯ ಟ್ಯಾಂಕ್ ಸೇರಿದರೆ ರೇಡಿಯೇಟರ್ ಉದ್ದ ಸುಮಾರು 395–400 ಮಿ.ಮೀ. ಆಗುತ್ತದೆ. ಮುಖ್ಯ ಪ್ರಶ್ನೆ ದಪ್ಪ. ಸಾಮಾನ್ಯ ರೇಡಿಯೇಟರ್ 27, ಫ್ಯಾನ್ 25, ಒಟ್ಟು 52. ನಿಮ್ಮದು ಎಷ್ಟು? ಸ್ಕೇಲ್ ಇಟ್ಟು ಅಳೆದು ಹೇಳಿ. ಕೇಸ್ ಛಾವಣಿಯಿಂದ ಬೋರ್ಡಿನ ಮೇಲಂಚಿಗೆ ಎಷ್ಟು ಜಾಗ ಇದೆ ಅಂತಲೂ ಬೇಕು.

ಬಿಸಿಲೂರು_ಬಸ್ಯಾ:
ಈ ನೀರಿನ ಉಸಾಬರಿಯೇ ಬೇಡ ರೀ. ನಮ್ಮ ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ 42 ಡಿಗ್ರಿ. ಯಾವ ಕೂಲರ್ ಹಾಕಿದರೂ ರೂಮಿಗಿಂತ ತಣ್ಣಗೆ ಆಗಲ್ಲ. ನಾನು ಬರೀ ಗಾಳಿಯ ಕೂಲರ್, ನೋಕ್ಟುವಾ ಎನ್‌ಎಚ್-ಡಿ15 ಹಾಕಿದ್ದೇನೆ. ಪಂಪ್ ಇಲ್ಲ, ಲೀಕ್ ಇಲ್ಲ, ತಲೆನೋವಿಲ್ಲ.

ಆರ್‌ಜಿಬಿ_ರಾಯ:
ಅದು 165 ಮಿ.ಮೀ. ಎತ್ತರ, ಎಷ್ಟೋ ಕೇಸ್‌ಗಳ ಗ್ಲಾಸ್ ಮುಚ್ಚಲ್ಲ. ನೋಡೋಕೂ ಇಟ್ಟಿಗೆ ಥರ ಇರುತ್ತೆ. ನನ್ನದು ಲಿಯಾನ್ ಲಿ ಓ11 ಕೇಸ್. ಮೇಲೊಂದು 360, ಕೆಳಗೊಂದು, ಪಕ್ಕದಲ್ಲೊಂದು. ಫೋಟೋ ಹಾಕ್ತೀನಿ.

ಬಿಸಿಲೂರು_ಬಸ್ಯಾ:
ಕರೆಂಟ್ ಬಿಲ್ಲಿನ ಫೋಟೋನೂ ಹಾಕಿ.

ಹುಬ್ಬಳ್ಳಿ_ಬಿಲ್ಡರ್:
ನನ್ನ ಸಮಸ್ಯೆಗೆ ಬನ್ನಿ ಸ್ವಲ್ಪ. ಅಳೆದೆ. ರೇಡಿಯೇಟರ್ 38, ಫ್ಯಾನ್ 25. ಛಾವಣಿಯಿಂದ ಬೋರ್ಡಿಗೆ 40. ಬಾಕ್ಸ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಟಾಪ್: 360, ಫ್ಯಾನ್ ಸೇರಿ 55 ಮಿ.ಮೀ." ಅಂತ ಇದೆ. ಇಷ್ಟು ಸಣ್ಣದಾಗಿ ಬರೆದರೆ ಯಾರಿಗೆ ಕಾಣುತ್ತೆ?

ಕಡಲ_ಕೂಲರ್:
ಇಷ್ಟೇ ಬೇಕಿತ್ತು. 38, 25 ಸೇರಿ 63. ಅದರಲ್ಲಿ 40 ಕಳೆದರೆ ಫ್ಯಾನ್ ಬೋರ್ಡ್ ಮೇಲೆ 23 ಮಿ.ಮೀ. ಇಳಿದು ಬರುತ್ತದೆ. ಎಡಮೂಲೆಯಲ್ಲಿ ವಿಆರ್‌ಎಮ್ (ಸಿಪಿಯುಗೆ ಕರೆಂಟ್ ಹದ ಮಾಡಿ ಕೊಡುವ ಭಾಗ) ಹೀಟ್‌ಸಿಂಕ್ ಇದೆ, ಸಿಪಿಯು ಪವರ್‌ನ 8 ಪಿನ್ ಕೇಬಲ್ ಕೂಡ ಅಲ್ಲೇ. ತಾಗುತ್ತಿರುವುದು ಅದಕ್ಕೆ. ಛಾವಣಿಯಲ್ಲಿ ಸ್ಕ್ರೂ ಸ್ಲಾಟ್ ಎರಡು ಸಾಲು ಇದ್ದರೆ ಗ್ಲಾಸ್ ಕಡೆಯ ಸಾಲಿಗೆ ತಳ್ಳಿ ನೋಡಿ.

ಸಿಲಿಕಾನ್_ಸಿದ್ದ:
23 ಇಳಿದರೆ ರ‍್ಯಾಮ್‌ಗೂ ತಾಗುತ್ತದೆ ತಾನೇ? ನಾನು ಹೇಳಿದ್ದು ಅದನ್ನೇ.

ಹುಬ್ಬಳ್ಳಿ_ಬಿಲ್ಡರ್:
ಒಂದೇ ಸಾಲು ಇದೆ. ಫ್ಯಾನ್ ಇಲ್ಲದೆ ಬರೀ ರೇಡಿಯೇಟರ್ ಸರಿಯಾಗಿ ಕೂರುತ್ತದೆ. ಉದ್ದ ಸ್ಕ್ರೂ ಹಾಕಿ ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಲಾ?

ಕಡಲ_ಕೂಲರ್:
ಬೇಡ, ಬೇಡ! ಉದ್ದ ಸ್ಕ್ರೂ ಇರುವುದು 25 ಮಿ.ಮೀ. ಫ್ಯಾನ್ ದಾಟಿ ಹೋಗಲಿಕ್ಕೆ. ನಡುವೆ ಫ್ಯಾನ್ ಇಲ್ಲದೆ ತಿರುಗಿಸಿದರೆ ನೇರ ರೇಡಿಯೇಟರ್ ಕೊಳವೆಗೆ ತೂತು ಬೀಳುತ್ತದೆ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಮೇಲೆ ನೀರು.

ಮುಂದುಗಡೆ ಹಾಕಿ. ಹಾರ್ಡ್ ಡಿಸ್ಕ್ ಗೂಡು ಅಡ್ಡ ಬಂದರೆ ಬಿಚ್ಚಿ. ಕಾರ್ಡ್ ಉದ್ದ ಎಷ್ಟು? ಹಿಂದಿನ ಪ್ಲೇಟಿನಿಂದ ಮುಂದಿನ ಫ್ರೇಮಿಗೆ ಎಷ್ಟು?

ಆರ್‌ಜಿಬಿ_ರಾಯ:
ಮುಂದೆ ಹಾಕಿದರೆ ಬಿಸಿ ಗಾಳಿ ಒಳಗೆ ಬರುತ್ತೆ. ಕಾರ್ಡ್ ಸಾಯುತ್ತೆ.

ಮಲ್ನಾಡ್_ಓವರ್‌ಕ್ಲಾಕ್:
ಸಾಯಲ್ಲ ಗುರು. ಕಾರ್ಡ್ ಸ್ವಲ್ಪ ಬಿಸಿ ಆಗುತ್ತದೆ, ಸಿಪಿಯುಗೆ ಹೊರಗಿನ ತಣ್ಣನೆ ಗಾಳಿ ಸಿಗುತ್ತದೆ. ಪೈಪ್ ಮಾತ್ರ ಕೆಳಗಡೆ ಬರಬೇಕು. ಮೇಲ್ಗಡೆ ಬಂದರೆ ಪಂಪ್ ಹಾಳು.

ಕಡಲ_ಕೂಲರ್:
ಹಾಳಾಗುವುದಿಲ್ಲ. ಗಾಳಿ ಗುಳ್ಳೆ ಮೇಲಕ್ಕೆ ಹೋಗುತ್ತದೆ. ರೇಡಿಯೇಟರ್ ತುದಿ ಪಂಪ್‌ಗಿಂತ ಮೇಲಿದ್ದರೆ ಗುಳ್ಳೆ ಅಲ್ಲಿ ಸೇರುತ್ತದೆ. ಪೈಪ್ ಮೇಲಿದ್ದರೆ ಗಳಗಳ ಸದ್ದು ಬರಬಹುದು, ಅಷ್ಟೇ. ಪೈಪ್ ಕೆಳಗಿದ್ದರೆ ಇನ್ನೂ ಒಳ್ಳೆಯದು. ಪಂಪ್ ಎಲ್ಲಕ್ಕಿಂತ ಮೇಲೆ ಬಂದರೆ ಮಾತ್ರ ಅದಕ್ಕೆ ಕಷ್ಟ.

ಮಲ್ನಾಡ್_ಓವರ್‌ಕ್ಲಾಕ್:
ನಾನು ಯೂಟ್ಯೂಬ್‌ನಲ್ಲಿ ನೋಡಿದ್ದೇನೆ.

ಕಡಲ_ಕೂಲರ್:
ನಾನೂ ನೋಡಿದ್ದೇನೆ. ಕೊನೆವರೆಗೆ.

ಹುಬ್ಬಳ್ಳಿ_ಬಿಲ್ಡರ್:
ಫ್ರೇಮ್‌ವರೆಗೆ 380. ಕಾರ್ಡ್ 336. 63 ಕಳೆದರೆ 317. ಅಲ್ಲೂ ಆಗಲ್ಲ. ಕೂಲರ್ ವಾಪಸ್ ಕೊಡ್ತೀನಿ.

ಕಡಲ_ಕೂಲರ್:
ತಡೆಯಿರಿ. ಮುಂದಿನ ಪ್ಲಾಸ್ಟಿಕ್ ಪ್ಯಾನೆಲ್ ಎಳೆದು ತೆಗೆಯಿರಿ. ಅದಕ್ಕೂ ತಗಡಿನ ಫ್ರೇಮಿಗೂ ನಡುವೆ 25 ಮಿ.ಮೀ. ಜಾಗ ಇದ್ದರೆ ಫ್ಯಾನ್ ಮೂರೂ ಅಲ್ಲಿ, ರೇಡಿಯೇಟರ್ ಒಳಗೆ, ತಗಡು ಮಧ್ಯೆ. ಉದ್ದ ಸ್ಕ್ರೂ ಫ್ಯಾನ್ ಮತ್ತು ತಗಡು ಎರಡನ್ನೂ ದಾಟಿ ರೇಡಿಯೇಟರ್‌ಗೆ ಹೋಗುತ್ತದೆ. ಆಗ ಒಳಗೆ 38 ಮಾತ್ರ. 380ರಲ್ಲಿ 38 ಹೋದರೆ 342. ನಿಮ್ಮ 336 ಕೂರುತ್ತದೆ, 6 ಮಿ.ಮೀ. ಉಳಿಯುತ್ತದೆ. ಕಾರ್ಡನ್ನು ಕೊನೆಗೆ ಹಾಕಿ.

ಫ್ಯಾನ್ ದಿಕ್ಕು ನೋಡಿಕೊಳ್ಳಿ. ಮೋಟಾರ್ ಹಿಡಿದಿರುವ ಅಡ್ಡಪಟ್ಟಿ ಯಾವ ಕಡೆ ಇದೆಯೋ ಗಾಳಿ ಆ ಕಡೆಗೆ ಹೋಗುತ್ತದೆ. ಪಟ್ಟಿ ರೇಡಿಯೇಟರ್ ಕಡೆಗಿರಲಿ. ಪಂಪ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು ತೆಗೆಯುವುದನ್ನೂ ಮರೆಯಬೇಡಿ.

ಬಿಸಿಲೂರು_ಬಸ್ಯಾ:
ಪ್ರೊಸೆಸರ್ ಯಾವುದು ಅಂತ ಇನ್ನೂ ಹೇಳಿಲ್ಲ ನೋಡಿ. ರೈಜನ್ 7700ಎಕ್ಸ್ ಆದರೆ 95 ಡಿಗ್ರಿವರೆಗೆ ಹೋಗುತ್ತದೆ, ಕಂಪನಿಯೇ ಹಾಗೆ ಮಾಡಿದೆ. ಆಮೇಲೆ ಬಂದು ಗಾಬರಿಯಾಗಬೇಡಿ.

ಆರ್‌ಜಿಬಿ_ರಾಯ:
ಫ್ಯಾನ್ ಹೊರಗೆ ಹೋದರೆ ಆರ್‌ಜಿಬಿ ಕಾಣಲ್ಲ. ಅದಕ್ಕಿಂತ ಎಸ್.ಪಿ. ರೋಡಿಗೆ ಹೋಗಿ ಬೇರೆ ಕೇಸ್ ತಗೊಳ್ಳಿ.

ಸಿಲಿಕಾನ್_ಸಿದ್ದ:
ಎಸ್.ಪಿ. ರೋಡಿಗೆ ಹೋದರೆ ಗಿಡ್ಡ ರ‍್ಯಾಮ್ ಕೂಡ ವಿಚಾರಿಸಿ.

ಮಲ್ನಾಡ್_ಓವರ್‌ಕ್ಲಾಕ್:
ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಒಂದು ಡಬ್ಬಕ್ಕೋಸ್ಕರ?

ಹುಬ್ಬಳ್ಳಿ_ಬಿಲ್ಡರ್:
ಕೂತಿತು! ಫ್ಯಾನ್ ಹೊರಗೆ, ರೇಡಿಯೇಟರ್ ಒಳಗೆ. ಪೈಪ್ ಕೆಳಗೆ ಎಟುಕಲಿಲ್ಲ, ಮೇಲಿದೆ. ಆದರೆ ಆನ್ ಮಾಡಿದರೆ "ಸಿಪಿಯು ಫ್ಯಾನ್ ಎರರ್, ಎಫ್1 ಒತ್ತಿ" ಅಂತ ಬರುತ್ತಿದೆ. ಏನಿದು ಈಗ?

ಕಡಲ_ಕೂಲರ್:
ಫ್ಯಾನ್ ವೈರ್‌ಗಳನ್ನೆಲ್ಲ ಹಬ್‌ಗೆ (ವೈರ್ ಸೇರಿಸುವ ಡಬ್ಬಿಗೆ) ಹಾಕಿದ್ದೀರಾ? ಬೋರ್ಡಿನ ಮೇಲಿನ ಸಿಪಿಯು ಫ್ಯಾನ್ ಹೆಡರ್ (ವೈರ್ ಚುಚ್ಚುವ ಪಿನ್) ಖಾಲಿ ಇದ್ದರೆ ಬೋರ್ಡಿಗೆ ಸ್ಪೀಡ್ ಕಾಣಲ್ಲ, ಅದಕ್ಕೇ ಎರರ್. ಹಬ್ಬಿನ ವೈರ್ ಅಲ್ಲಿಗೆ ಹಾಕಿ. ಪಂಪ್ ವೈರ್ ಪಂಪ್ ಹೆಡರ್‌ಗೆ ಹಾಕಿ, ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಫುಲ್ ಸ್ಪೀಡ್ ಇಡಿ. ಬಯೋಸ್‌ನಲ್ಲಿ ಪಂಪ್‌ನ ಆರ್‌ಪಿಎಮ್ ಸೊನ್ನೆ ತೋರಿಸಿದರೆ ತಕ್ಷಣ ಆಫ್ ಮಾಡಿ ಹೇಳಿ. ಬೋರ್ಡ್ ಯಾವುದು?

ಸಿಲಿಕಾನ್_ಸಿದ್ದ:
ಒಂದು ಸಲ ರ‍್ಯಾಮ್ ತೆಗೆದು ಹಾಕಿ ನೋಡಿ.