ಅಪ್‌ಡೇಟ್: ಅಡ್ಡ-ಉದ್ದ ಬರೆದಿದ್ದ ಪಾದ್ರಿಯ ಪತ್ರ ಕೊನೆಗೂ ಓದಲು ಬಂತು

ಹೋದ ವಾರ ಒಂದು ಹಳೇ ಪತ್ರದ ಸ್ಕ್ಯಾನ್ ಓದಲು ಸಹಾಯ ಕೇಳಿದ್ದೆ, ನೆನಪಿದೆ ಅಲ್ವಾ? 1836ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ ಹೊಸ ಚರ್ಚ್ ಕಟ್ಟುವ ವಿಚಾರವಾಗಿ ಇನ್ನೊಬ್ಬ ಪಾದ್ರಿಗೆ ಬರೆದದ್ದು. ಬರೆದ ಸಾಲುಗಳ ಮೇಲೇ ಅಡ್ಡಲಾಗಿ ಮತ್ತೊಂದು ಸುತ್ತು ಬರೆದಿದ್ದರಿಂದ ಪುಟ ಪೂರ್ತಿ ಜಾಲರಿಯ ಹಾಗೆ ಕಾಣುತ್ತಿತ್ತು. ಈಗ ಪೂರ್ತಿ ಓದಿದೆ!

ಕೈಬರಹ ಓದುವ ಸಾಫ್ಟ್‌ವೇರ್ ಕೈಕೊಟ್ಟಿತು, ಎರಡೂ ಸುತ್ತಿನ ಅಕ್ಷರ ಕಲಸಿಬಿಟ್ಟಿತು. ಕಾಂಟ್ರಾಸ್ಟ್ ಜಾಸ್ತಿ ಮಾಡಿದರೆ ಹಿಂಬದಿಯ ಶಾಯಿಯೂ ಎದ್ದು ಕಂಡಿತು. ಕೆಲಸಕ್ಕೆ ಬಂದದ್ದು, ದೊಡ್ಡದಾಗಿ ಪ್ರಿಂಟ್ ತೆಗೆದು ಹಾಳೆಯನ್ನು ಕಣ್ಣಿನ ಮಟ್ಟದಲ್ಲಿ ಓರೆಯಾಗಿ ಹಿಡಿದು ನೋಡಿ ಅಂದವರ ಸಲಹೆ. ಹಾಗೆ ಹಿಡಿದರೆ ಒಂದು ದಿಕ್ಕಿನ ಸಾಲುಗಳು ಮಾತ್ರ ಕಣ್ಣಿಗೆ ನಿಲ್ಲುತ್ತವೆ. ಅವರಿಗೆ ತುಂಬಾ ಥ್ಯಾಂಕ್ಸ್.

ಹೀಗೆ ಬರೆಯುತ್ತಿದ್ದದ್ದು ಅಂಚೆ ಖರ್ಚು ಉಳಿಸಲು. 1840ಕ್ಕೆ ಮುಂಚೆ ಅಲ್ಲಿ ಅಂಚೆ ದರ ಎಷ್ಟು ಹಾಳೆ, ಎಷ್ಟು ದೂರ ಅನ್ನುವ ಲೆಕ್ಕದಲ್ಲಿ ಇತ್ತು. ಸಾಮಾನ್ಯವಾಗಿ ಪತ್ರ ಪಡೆದವರೇ ದುಡ್ಡು ಕೊಡಬೇಕಿತ್ತು.

ಇನ್ನೊಂದು ವಿಷಯ. ಅಂಚಿನಲ್ಲಿದ್ದ 'ಫ್ರೀ 120' ಯಾವುದೋ ಖರ್ಚು ಅಂದುಕೊಂಡಿದ್ದೆ. ಅಲ್ಲ, ಅದು ಬಡವರಿಗೆ ಬಾಡಿಗೆಯಿಲ್ಲದ ಸೀಟುಗಳ ಲೆಕ್ಕ! ಆಗ ಎಷ್ಟೋ ಚರ್ಚುಗಳಲ್ಲಿ ಬೆಂಚಿಗೆ ಬಾಡಿಗೆ ಇತ್ತು. 1818ರಲ್ಲಿ ಶುರುವಾದ ಚರ್ಚ್ ಬಿಲ್ಡಿಂಗ್ ಸೊಸೈಟಿ ಧನಸಹಾಯ ಕೊಡುವಾಗ ಇಂಥ ಸೀಟು ಇರಲೇಬೇಕು ಅನ್ನುತ್ತಿತ್ತು. ಅದರ ಕಡತಗಳು ಲಂಡನ್ನಿನ ಲ್ಯಾಂಬೆತ್ ಪ್ಯಾಲೇಸ್ ಲೈಬ್ರರಿಯಲ್ಲಿವೆ, ಇಂಥ ಪತ್ರ ಹುಡುಕುವವರು ಅಲ್ಲಿಂದಲೇ ಶುರು ಮಾಡಿ.

ಅಡ್ಡ ಸಾಲುಗಳಲ್ಲಿ ಪಾದ್ರಿ ಬರೆದಿದ್ದು ಒಂದೇ ಚಿಂತೆ: ಚಳಿಗಾಲದ ಕೆಸರಿನಲ್ಲಿ ವಯಸ್ಸಾದವರು ಚರ್ಚಿಗೆ ಅಷ್ಟು ದೂರ ಹೇಗೆ ನಡೆಯಬೇಕು.