ಫ್ಲೋರೈಡ್ ನೀರು ಮತ್ತು ಗಂಡಸರ ಸಂತಾನಶಕ್ತಿ: ಇಲಿ, ಮೊಲಗಳ ಪ್ರಯೋಗ ನಮಗೆಷ್ಟು ಅನ್ವಯಿಸುತ್ತದೆ?

ಪ್ರಶ್ನೆ:
ನಮ್ಮದು ಪಾವಗಡ ತಾಲ್ಲೂಕು. ಮನೆಯ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿದಾಗ ಲೀಟರಿಗೆ 2.6 ಮಿಲಿಗ್ರಾಂ ಫ್ಲೋರೈಡ್ ಇರುವುದು ತಿಳಿಯಿತು. ಮದುವೆಯಾಗಿ ನಾಲ್ಕು ವರ್ಷವಾದರೂ ನಮಗೆ ಮಕ್ಕಳಾಗಿಲ್ಲ. ಫ್ಲೋರೈಡ್ ಕೊಟ್ಟ ಇಲಿಗಳಲ್ಲಿ ವೀರ್ಯಾಣುಗಳು ಕಡಿಮೆಯಾದವೆಂದು ಓದಿದ ಮೇಲೆ, ಚಿಕ್ಕಂದಿನಿಂದ ಕುಡಿದ ಈ ನೀರೇ ಕಾರಣವಿರಬಹುದೇ ಎಂಬ ಚಿಂತೆ ಹತ್ತಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ನೀವು ಓದಿದ್ದು ಸುಳ್ಳಲ್ಲ. ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಎನ್. ಜೆ. ಚಿನೋಯ್ ಅವರ ತಂಡವು ಗಂಡು ಚಿಟ್ಟಿಲಿಗಳಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮತ್ತು 20 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು 30 ದಿನ ಕೊಟ್ಟಾಗ, ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕುಗ್ಗಿದವು. ಕೊಡುವುದನ್ನು ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಚೇತರಿಕೆಯೂ ಕಂಡಿತು. ಆದರೆ ಪ್ರಮಾಣವನ್ನು ಗಮನಿಸಿ. ಸೋಡಿಯಂ ಫ್ಲೋರೈಡಿನ ತೂಕದಲ್ಲಿ ಫ್ಲೋರೈಡಿನ ಪಾಲು ಸುಮಾರು ಶೇಕಡ 45. ಹಾಗಾಗಿ 10 ಮಿಲಿಗ್ರಾಂ ಲೆಕ್ಕವನ್ನೇ ಹಿಡಿದರೂ 60 ಕಿಲೋ ತೂಕದವರಿಗೆ ದಿನಕ್ಕೆ 270 ಮಿಲಿಗ್ರಾಂ ಫ್ಲೋರೈಡ್ ಆಗುತ್ತದೆ. ಅಷ್ಟು ಸೇರಬೇಕಾದರೆ ನಿಮ್ಮ ಬಾವಿಯ ನೀರನ್ನು ದಿನವೂ ನೂರು ಲೀಟರಿಗಿಂತ ಹೆಚ್ಚು ಕುಡಿಯಬೇಕು.

ಉತ್ತರ 2:
ಮೇಲಿನ ಲೆಕ್ಕ ಸರಿಯಾದರೂ ಅದೊಂದನ್ನೇ ನಂಬಿ ನಿಶ್ಚಿಂತರಾಗುವುದು ತರವಲ್ಲ, ಏಕೆಂದರೆ ಪ್ರಾಣಿಯ ದೇಹ ಫ್ಲೋರೈಡನ್ನು ಹೊರಹಾಕುವ ರೀತಿ ನಮ್ಮಂತೆಯೇ ಇರುವುದಿಲ್ಲ. ಅಲ್ಲದೆ ನಾವು ಕುಡಿಯುವುದು 30 ದಿನವಲ್ಲ, ವರ್ಷಗಟ್ಟಲೆ. ಸುಶೀಲಾ ಮತ್ತು ಕುಮಾರ್ 1991ರಲ್ಲಿ ಪ್ರಕಟಿಸಿದ ಮೊಲಗಳ ಅಧ್ಯಯನದಲ್ಲಿ ಅವಧಿಯ ಮಹತ್ವ ಎದ್ದುಕಾಣುತ್ತದೆ: ಕಿಲೋಗೆ 10 ಮಿಲಿಗ್ರಾಂನಂತೆ 18 ತಿಂಗಳು ಪಡೆದ ಮೊಲಗಳಲ್ಲಿ ವೀರ್ಯಾಣು ಸಾಗುವ ನಾಳದ ಒಳಪದರದ ಸೂಕ್ಷ್ಮ ರೋಮಗಳು ಅಲ್ಲಲ್ಲಿ ಉದುರಿದ್ದವು, 29 ತಿಂಗಳು ಪಡೆದವುಗಳಲ್ಲಿ ವೀರ್ಯಾಣು ಉತ್ಪಾದನೆಯೇ ನಿಂತಿತ್ತು. ಇದಕ್ಕೆ ವಿರುದ್ಧವಾಗಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು 1997ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಲೀಟರಿಗೆ 250 ಮಿಲಿಗ್ರಾಂವರೆಗೆ ಸೋಡಿಯಂ ಫ್ಲೋರೈಡ್ ಬೆರೆಸಿದ ನೀರು ಕುಡಿದ ಇಲಿಗಳಲ್ಲಿ ವೀರ್ಯಾಣು ಉತ್ಪಾದನೆಗೆ ಧಕ್ಕೆಯಾಗಲಿಲ್ಲ. ಆದ್ದರಿಂದ ನಿಮ್ಮ ಸಮಸ್ಯೆಗೆ ನೀರೇ ಕಾರಣವೆಂದು ಈ ಪ್ರಯೋಗಗಳಿಂದ ಹೇಳಲಾಗದು. ಮೊದಲು ವೀರ್ಯ ಪರೀಕ್ಷೆ ಮಾಡಿಸಿ. ದಂಪತಿಗಳಿಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣುವುದು ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮುಂದಿನ ವಾರವೇ ಇಬ್ಬರೂ ಹೋಗುತ್ತೇವೆ. ಅಲ್ಲಿಯವರೆಗೆ ನೀರನ್ನು ಕುದಿಸಿ ಕುಡಿದರೆ ಸಾಕೇ?

ಉತ್ತರ 2:
ಖಂಡಿತ ಬೇಡ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಬೇರೆ ಮೂಲವಿಲ್ಲದಾಗಲೂ 1.5 ಮಿಲಿಗ್ರಾಂ ದಾಟಬಾರದೆಂದಿದೆ; ನಿಮ್ಮ ನೀರು ಅದನ್ನು ಮೀರಿರುವುದರಿಂದ, ವೀರ್ಯ ಪರೀಕ್ಷೆಯ ಫಲಿತಾಂಶ ಏನೇ ಬಂದರೂ ಹಲ್ಲು ಮತ್ತು ಮೂಳೆಗಳ ಸಲುವಾಗಿಯಾದರೂ ಕುಡಿಯುವುದಕ್ಕೂ ಅಡುಗೆಗೂ ಆರ್‌ಒ ಘಟಕದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಬಳಸಿ.