18 ಸೆಂಟಿಮೀಟರಿಗೆ ಹಿಡಿದರೆ ಸಾಕಾ?

ಗಿರೀಶ ಮಾವ: ಫಾರ್ವರ್ಡ್ ➤ ತಲೆಗೆ ಪೆಟ್ಟು ಬಿದ್ದಿದೆಯೇ? ಸ್ಕ್ಯಾನ್ ಬೇಡ, ಸ್ಕೇಲ್ ಸಾಕು! ಮೇಲಿಂದ ಬಿಟ್ಟ ಸ್ಕೇಲನ್ನು 20 ಸೆಂಟಿಮೀಟರ್ ಒಳಗೆ ಹಿಡಿದರೆ ಕನ್ಕಷನ್ (ಪೆಟ್ಟಿನಿಂದ ಮೆದುಳಿಗಾಗುವ ತೊಂದರೆ) ಇಲ್ಲ. ಎಲ್ಲರಿಗೂ ತಿಳಿಸಿ.

ಗಿರೀಶ ಮಾವ: ತೇಜಸ್‌ಗೆ ಈಗಷ್ಟೇ ಮಾಡಿಸಿದೆ. ಮೂರು ಸಲವೂ 18ಕ್ಕೆ ಹಿಡಿದ. ನಾಳೆ ಆಡಲಿ ಬಿಡ್ರಮ್ಮಾ, ಪಾಪ.

ಸವಿತಾ: ಬೇಡ ಮಾವ, ಕೈ ಮುಗೀತೀನಿ. ನಿನ್ನೆ ಚೆಂಡು ಹೆಲ್ಮೆಟ್‌ಗೆ ಬಡಿದಮೇಲೆ ಸ್ಕೋರ್ ಎಷ್ಟು ಅಂತ ನನ್ನನ್ನೇ ಎರಡು ಸಲ ಕೇಳಿದ.

ಗಿರೀಶ ಮಾವ: ಗಾಬರಿಗೆ ಕೇಳಿರ್ತಾನೆ. ಪ್ರಜ್ಞೆ ತಪ್ಪಿಲ್ಲ, ವಾಂತಿ ಇಲ್ಲ. ನಾನು ಕಳಿಸಿದ್ದು ಸುಳ್ಳು ಅಂತೀಯಾ?

ಸವಿತಾ: ಪೂರ್ತಿ ಸುಳ್ಳಾಗಿದ್ದರೆ ನನಗಿಷ್ಟು ಭಯ ಇರ್ತಿರಲಿಲ್ಲ. ಪ್ರಜ್ಞೆ ತಪ್ಪದೇನೂ ಕನ್ಕಷನ್ ಆಗುತ್ತೆ, ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲೂ ಕಾಣಲ್ಲ. ಅದಕ್ಕೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 2010ರ ಸುಮಾರಿಗೆ ಇಂಥದ್ದೇ ಪರೀಕ್ಷೆ ಮಾಡಿ ನೋಡಿದರು. ಒಂದು ಕೋಲು, ಅದರ ತುದಿಗೆ ಐಸ್ ಹಾಕಿಯ ಪಕ್, ಅಂದರೆ ಆ ಆಟದ ರಬ್ಬರ್ ಬಿಲ್ಲೆ. ಆದರೆ ಅವರು ಸೀಸನ್‌ಗೆ ಮುಂಚೆನೇ ಪ್ರತಿಯೊಬ್ಬ ಆಟಗಾರರೂ ಎಷ್ಟು ಬೇಗ ಹಿಡೀತಾರೆ ಅಂತ ಅಳೆದಿಟ್ಟಿದ್ದರು. ಪೆಟ್ಟು ಬಿದ್ದವರನ್ನ ಅವರವರ ಹಳೇ ಅಂಕಿ ಜೊತೆಗೇ ಹೋಲಿಸಿದ್ದು. ಕನ್ಕಷನ್ ಆದ 8 ಜನರಲ್ಲಿ 7 ಜನ ನಿಧಾನ ಆಗಿದ್ದರು.

ಗಿರೀಶ ಮಾವ: ನೋಡು, ನಾನೂ ಅದನ್ನೇ ಹೇಳಿದ್ದು!

ಸವಿತಾ: ಎಂಟನೆಯವರ ಗತಿ ಏನು ಮಾವ? ಅವರನ್ನ ಕೋಲು ಪಾಸ್ ಮಾಡಿಬಿಡ್ತು. ಇನ್ನು ತೇಜಸ್‌ದು ಹಳೇ ಅಂಕಿ ಯಾರ ಹತ್ತಿರ ಇದೆ? ಮೊದಲು 14ಕ್ಕೆ ಹಿಡೀತಿದ್ದು ಈಗ 18 ಆಗಿದ್ದರೆ, ಸುಮಾರು 20 ಮಿಲಿಸೆಕೆಂಡ್ ತಡ ಆದ ಹಾಗೆ. ಬರೋ ಚೆಂಡಿನ ಮುಂದೆ ಅದು ಕಮ್ಮಿಯಲ್ಲ.

ವಿನಯ: ಸ್ಟೀವ್ ಸ್ಮಿತ್ ನೆನಪಿದೆಯಾ ಮಾವ? 2019, ಲಾರ್ಡ್ಸ್. ಆರ್ಚರ್ ಬೌನ್ಸರ್ ಕತ್ತಿಗೆ ಬಿತ್ತು. ಕನ್ಕಷನ್ ಟೆಸ್ಟೆಲ್ಲ ಪಾಸಾಗಿ ವಾಪಸ್ ಬಂದು 92ಕ್ಕೆ ಔಟಾದರು. ಬೆಳಿಗ್ಗೆ ಎದ್ದರೆ ತಲೆನೋವು, ಮಂಪರು. ಬದಲಿಗೆ ಲಬುಶೇನ್ ಇಳಿದರು.

ಗಿರೀಶ ಮಾವ: ಹುಡುಗ ಈ ಮ್ಯಾಚ್‌ಗೆ ಎಷ್ಟು ದಿನದಿಂದ ಕಾಯ್ತಿದ್ದ ಗೊತ್ತಾ ನಿಮಗೆ?

ಸವಿತಾ: ಗೊತ್ತು. ಅದಕ್ಕೇ ಅವನ ಮಾತು ನಂಬಬೇಡಿ ಅಂತಿರೋದು. ಮೊದಲನೇದು ವಾಸಿಯಾಗೋ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು.

ಲತಾ: ಮಾವ, ಮೊದಲೆರಡು ಸಲ ಸ್ಕೇಲ್ ಅವನ ಕೈಗೇ ಸಿಗಲಿಲ್ಲ, ನೆಲಕ್ಕೆ ಬಿತ್ತು. ಅದು ಅಭ್ಯಾಸಕ್ಕೆ ಅಂತ ನೀವು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಲತಾ: ಈಗ ಕೂರಿಸಿಕೊಂಡು ಕೇಳಿದೆ. ಬೆಳಿಗ್ಗೆಯಿಂದ ಬೆಳಕು ಕಣ್ಣಿಗೆ ಚುಚ್ಚುತ್ತಂತೆ. ಆಡೋಕೆ ಬಿಡಲ್ಲ ಅಂತ ಹೇಳಿರಲಿಲ್ಲ.

ಸವಿತಾ: ಅಕ್ಕ, ಇವತ್ತೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು. ತಲೆನೋವು ಏರ್ತಾ ಹೋದರೆ, ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರ ಆಗದಿದ್ದರೆ, ಒಂದು ನಿಮಿಷವೂ ಕಾಯದೆ ಎಮರ್ಜೆನ್ಸಿಗೆ.

ಗಿರೀಶ ಮಾವ: ಲತಾ, ಹೊರಡು, ನಾನೂ ಬರ್ತೀನಿ. ಕೋಚ್‌ಗೆ ನಾನೇ ಹೇಳ್ತೀನಿ. ಸವಿತಾ, ಆದರೂ ಆ ಸ್ಕೇಲ್ ದಂಡ ಅಂತ ಮಾತ್ರ ನಾನು ಒಪ್ಪಲ್ಲ.

ಸವಿತಾ: ದಂಡ ಅಲ್ಲ ಮಾವ. ಮುಂದಿನ ಸೀಸನ್‌ಗೆ ಮುಂಚೆ ತಂಡದ ಅಷ್ಟೂ ಮಕ್ಕಳದ್ದು ಅಳೆದು ಬರೆದಿಡೋಣ, ನೀವೇ ಸ್ಕೇಲ್ ಹಿಡೀರಿ. ಯಾರದ್ದಾದರೂ ನಿಧಾನ ಆಗಿದ್ದು ಕಂಡರೆ ಆಚೆ ಕೂರಿಸೋಣ. ಆದರೆ ಸ್ಕೇಲ್ ನೋಡಿಕೊಂಡು ಯಾರನ್ನೂ ಒಳಗೆ ಕಳಿಸೋದು ಬೇಡ.

ಗಿರೀಶ ಮಾವ: ಇನ್ನೂ ಎರಡು ಗುಂಪಿಗೆ ಕಳಿಸಿದ್ದೆ. ಡಿಲೀಟ್ ಮಾಡ್ತಿದ್ದೀನಿ.